ಹೊಸ ಮದ್ದು ಬಂದಿದೆಯಂತೆ, ನಮಗೂ ಸಿಗುತ್ತದಾ?

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಮಾತಿನಿಂದ ಶುರುವಾಗುತ್ತವೆ: ‘ಕ್ಯಾನ್ಸರಿಗೆ ಹೊಸ ಮದ್ದು ಬಂದಿದೆಯಂತೆ...’ ಆ ‘ಅಂತೆ’ಯ ಹಿಂದೆ ಒಂದೊಂದು ಮನೆಯ ನಿದ್ದೆಗೆಟ್ಟ ರಾತ್ರಿಗಳಿವೆ. ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಔಷಧ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಎರಡು ಜೊತೆ ಗ್ಲೌಸ್ ಹಾಕಿಕೊಂಡು ಕೀಮೊ ಬೆರೆಸುತ್ತ, ಕೌಂಟರಿನಾಚೆ ಚೀಟಿ ಹಿಡಿದು ನಿಂತವರ ಮುಖ ನೋಡುತ್ತ ಆ ವರ್ಷಗಳು ಕಳೆದವು. ನಾನು ಡಾಕ್ಟರ್ ಅಲ್ಲ. ಯಾರಿಗೆ ಯಾವ ಚಿಕಿತ್ಸೆ ಎಂದು ಹೇಳಬೇಕಾದವರು ರೋಗಿಯನ್ನು ಮುಟ್ಟಿ ನೋಡಿದ ವೈದ್ಯರೇ. ಮದ್ದು ಎಲ್ಲಿಂದ ಬಂತು, ಯಾವ ಕಾಯಿಲೆಗೆ ಬಂತು, ಎಷ್ಟು ಜನರಲ್ಲಿ ಪರೀಕ್ಷಿಸಿ ಒಪ್ಪಿದರು, ಕೊಳ್ಳುವಾಗ ಏನು ನೋಡಬೇಕು, ಇಷ್ಟನ್ನು ನಾನು ಹೇಳಬಲ್ಲೆ.

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಹೊಟ್ಟೆಯ ಕ್ಯಾನ್ಸರ್, ಲಿವರಿಗೂ ಹರಡಿದೆ ಎಂದಿದ್ದಾರೆ. ಮೂರು ಕೀಮೊ ಆಗಿದೆ, ತುಂಬ ಸುಸ್ತು. ರಷ್ಯಾದಲ್ಲಿ ಕ್ಯಾನ್ಸರಿಗೆ ಲಸಿಕೆ ಕಂಡುಹಿಡಿದಿದ್ದಾರೆ, ಉಚಿತವಾಗಿ ಕೊಡುತ್ತಾರೆ ಎಂದು ಕುಟುಂಬದ ಗ್ರೂಪಿನಲ್ಲಿ ದಿನಾ ಬರುತ್ತಿದೆ. ಅದು ಬರುವವರೆಗೆ ಕೀಮೊ ನಿಲ್ಲಿಸಿ, ಅಣ್ಣ ಸ್ವಲ್ಪ ಚೇತರಿಸಿಕೊಳ್ಳಲಿ ಎನ್ನುತ್ತಾರೆ ಚಿಕ್ಕಪ್ಪ. ಏನು ಮಾಡಲಿ ಮೇಡಂ?
– ಮಗ, ರಾಜಾಜಿನಗರ

ನಿಲ್ಲಿಸಬೇಡಿ. ಸುಸ್ತಿನ ವಿಷಯವನ್ನು ಮುಂದಿನ ಕೀಮೊವರೆಗೆ ಇಟ್ಟುಕೊಳ್ಳದೆ ನಾಳೆಯೇ ಡಾಕ್ಟರಿಗೆ ತಿಳಿಸಿ. ಹಿಮೋಗ್ಲೋಬಿನ್ ಇಳಿದಿರಬಹುದು, ಊಟ ಸೇರದೆ ಇರಬಹುದು, ಡೋಸ್ ಸ್ವಲ್ಪ ತಗ್ಗಿಸಬೇಕಾಗಬಹುದು, ಒಂದು ವಾರ ಮುಂದೂಡಬಹುದು. ಇವೆಲ್ಲ ವೈದ್ಯರು ದಿನವೂ ಮಾಡುವ ಹೊಂದಾಣಿಕೆಗಳು. ನೀವಾಗಿ ನಿಲ್ಲಿಸುವುದು ಬೇರೆ, ಅವರು ತಡೆದು ನಡೆಸುವುದು ಬೇರೆ.

ಈಗ ರಷ್ಯಾದ ಮಾತು. ಆ ಘೋಷಣೆ 2024ರ ಡಿಸೆಂಬರಿನದು. ಆರೋಗ್ಯವಂತರಿಗೆ ಮುಂಚಿತವಾಗಿ ಹಾಕುವ ಪೋಲಿಯೊ ಹನಿಯಂಥ ಲಸಿಕೆಯಲ್ಲ ಅದು, ಕಾಯಿಲೆ ಬಂದವರಿಗೆಂದು ಯೋಚಿಸಿದ, ದೇಹದ ಕೋಶಗಳಿಗೆ ಸೂಚನೆ ಒಯ್ಯುವ ಎಂಆರ್‌ಎನ್‌ಎ ಅಣುವಿನಿಂದ ಮಾಡುವ ಚಿಕಿತ್ಸೆ. ಒಂದು ಮದ್ದನ್ನು ನಂಬಬೇಕಾದರೆ ಬೇಕಾಗುವ ದೊಡ್ಡ ಮಾನವ ಪರೀಕ್ಷೆಯ ಫಲಿತಾಂಶ ಆ ಘೋಷಣೆಯ ಜೊತೆ ಬಂದಿರಲಿಲ್ಲ. ‘ಲಸಿಕೆ’ ಎಂಬ ಒಂದೇ ಪದ ಎರಡು ಬೇರೆ ಕೆಲಸಗಳಿಗೆ ಬಳಕೆಯಾಗುತ್ತಿರುವುದರಿಂದಲೇ ಇಷ್ಟೊಂದು ಗೊಂದಲ.

ಇದೇ ಜಾತಿಯ ಮದ್ದಿನಲ್ಲಿ ಅಂಕಿಅಂಶ ಮುಂದಿಟ್ಟು ಮಾತಾಡುತ್ತಿರುವವರೂ ಇದ್ದಾರೆ. ಅಮೆರಿಕದ ಮಾಡೆರ್ನಾ ಮತ್ತು ಮರ್ಕ್ ಕಂಪನಿಗಳು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ನಡೆಸಿದ ಪರೀಕ್ಷೆ ಅದು. ಆಪರೇಷನ್ ಮಾಡಿ ತೆಗೆದ ಗಡ್ಡೆಯ ಜೀನ್‌ಗಳನ್ನು ಓದಿ, ಆ ರೋಗಿಯ ಗಡ್ಡೆಯಲ್ಲಿ ಮಾತ್ರ ಕಾಣುವ 34ರವರೆಗೆ ಗುರುತುಗಳನ್ನು ಆರಿಸಿ, ಆ ಒಬ್ಬರಿಗೆಂದೇ ಒಂದು ಲಸಿಕೆ ತಯಾರಿಸುತ್ತಾರೆ. ಪಕ್ಕದ ಹಾಸಿಗೆಯವರಿಗೆ ಅದು ಉಪಯೋಗಕ್ಕೆ ಬಾರದು. 157 ಜನರ ಆ ಪರೀಕ್ಷೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ (ಇಮ್ಯುನೊಥೆರಪಿ) ಪೆಂಬ್ರೊಲಿಜುಮ್ಯಾಬ್ ಎಂಬ ಮದ್ದೊಂದನ್ನೇ ಪಡೆದವರಿಗೆ ಹೋಲಿಸಿದರೆ, ಅದರ ಜೊತೆ ಲಸಿಕೆಯನ್ನೂ ಪಡೆದವರಲ್ಲಿ ಕಾಯಿಲೆ ಮರುಕಳಿಸುವ ಅಥವಾ ಸಾವಿನ ಅಪಾಯ 44% ಕಡಿಮೆಯಾಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಜರ್ಮನಿಯ ಬಯೋಎನ್‌ಟೆಕ್ ಕಂಪನಿಯ ಇಂಥದೇ ಲಸಿಕೆಯನ್ನು 16 ಜನರಿಗೆ ಕೊಟ್ಟರು. ಎಂಟು ಜನರ ದೇಹ ಅದಕ್ಕೆ ಸ್ಪಂದಿಸಿತು. ನನಗೆ ಇದು ನಿಜಕ್ಕೂ ದೊಡ್ಡ ಸಂತೋಷದ ಸುದ್ದಿ. ಆದರೆ ಈ ಎರಡೂ ಕಡೆ ಲಸಿಕೆ ಕೊಟ್ಟದ್ದು ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದ ಮೇಲೆ. ಹೊಟ್ಟೆಯಿಂದ ಲಿವರಿಗೆ ಹರಡಿರುವ ನಿಮ್ಮ ತಂದೆಯವರ ಸ್ಥಿತಿಗೆ ಅವು ಇಂದು ಉತ್ತರವಲ್ಲ.

ಹಾಗಾದರೆ ಇಂದು ಏನಿದೆ? ಬಯಾಪ್ಸಿ ಮಾಡಿದಾಗ ತೆಗೆದ ತುಣುಕನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ರಷ್ಯಾದಲ್ಲಿ ಏನು ಸಿಗುತ್ತದೆ ಎಂದು ಹುಡುಕುವ ಮೊದಲು ಆ ಬ್ಲಾಕ್ ಎಲ್ಲಿದೆ ಎಂದು ಹುಡುಕಿ. ಅದರ ಮೇಲೆ ‘ಹರ್ ಟೂ’ (ಕ್ಯಾನ್ಸರ್ ಕೋಶದ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಪ್ರೊಟೀನು), ‘ಎಂಎಂಆರ್’ (ಕೋಶದೊಳಗೆ ಡಿಎನ್‌ಎಯ ತಪ್ಪು ತಿದ್ದುವ ವ್ಯವಸ್ಥೆ), ‘ಪಿಡಿ-ಎಲ್1’ (ರೋಗನಿರೋಧಕ ಕೋಶಗಳನ್ನು ತಡೆದು ನಿಲ್ಲಿಸುವ ಪ್ರೊಟೀನು) ಪರೀಕ್ಷೆಗಳು ಆಗಿವೆಯೇ ಎಂದು ಡಾಕ್ಟರನ್ನು ಕೇಳಿ. ಹರಡಿದ ಹೊಟ್ಟೆಯ ಕ್ಯಾನ್ಸರಿನಲ್ಲಿ ಈ ಮೂರರ ಉತ್ತರದ ಮೇಲೆ ಕೀಮೊ ಜೊತೆಗೆ ಸೇರಿಸಬಹುದಾದ ಮದ್ದು ಬದಲಾಗುತ್ತದೆ. ಅವು ಬೆಂಗಳೂರಿನಲ್ಲೇ ಸಿಗುವ ಮದ್ದುಗಳು.

ಪರೀಕ್ಷೆಯ ಹೆಸರನ್ನು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. 2022ರ ಜೂನ್‌ನಲ್ಲಿ ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಿಂದ ಡೊಸ್ಟಾರ್ಲಿಮ್ಯಾಬ್ ಎಂಬ ಮದ್ದಿನ ಸುದ್ದಿ ಬಂತು. 12 ರೋಗಿಗಳಿಗೆ ಕೊಟ್ಟರು, 12 ಜನರಲ್ಲೂ ಗಡ್ಡೆ ಕಾಣದಾಯಿತು. ಮಾರನೆಯ ವಾರ ನನ್ನ ಕೌಂಟರಿನ ಮುಂದೆ ಆ ಸುದ್ದಿಯ ಪ್ರಿಂಟ್ ಹಿಡಿದು ಜನ ಬಂದರು: ಶ್ವಾಸಕೋಶದವರು, ಸ್ತನದವರು, ಮೆದುಳಿನವರು. ಆ 12 ಜನರಿಗೆ ಇದ್ದದ್ದು ಗುದನಾಳದ ಕ್ಯಾನ್ಸರ್, ಅದರಲ್ಲೂ ಎಂಎಂಆರ್ ದೋಷವಿರುವ ಬಗೆ. ಗುದನಾಳದ ಕ್ಯಾನ್ಸರುಗಳಲ್ಲಿ ಅಂಥವು 5ರಿಂದ 10% ಮಾತ್ರ. ಬಂದವರಲ್ಲಿ ಒಬ್ಬರು ಆಟೊ ಓಡಿಸುವವರು. ಗುದನಾಳದ್ದೇ ಕಾಯಿಲೆ. ಪರೀಕ್ಷೆ ಮಾಡಿಸೋಣವೆಂದರೆ, ಮೊದಲು ಬಯಾಪ್ಸಿ ಮಾಡಿದ್ದ ಲ್ಯಾಬಿನಲ್ಲಿ ಬ್ಲಾಕ್ ಕಳೆದುಹೋಗಿತ್ತು. ಮತ್ತೆ ಬಯಾಪ್ಸಿ, ಮತ್ತೆ ಮೂರು ವಾರ. ಆ ಮೂರು ವಾರ ಅವರ ಹೆಂಡತಿ ದಿನಾ ಬಂದು ‘ಬಂತಾ ಅಮ್ಮ?’ ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಬ್ಲಾಕ್ ನಿಮ್ಮ ತಂದೆಯ ದೇಹದ ಭಾಗ. ಒಂದು ಅರ್ಜಿ ಬರೆದುಕೊಟ್ಟರೆ ಲ್ಯಾಬಿನಿಂದ ಪಡೆಯಬಹುದು. ಬಿಸಿಲಿಗೆ ಇಡದೆ, ಹೆಸರು ಮತ್ತು ನಂಬರ್ ಬರೆದ ಲಕೋಟೆಯಲ್ಲಿ ಜೋಪಾನ ಮಾಡಿ.

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್, ಹರ್ ಟೂ ಪಾಸಿಟಿವ್. ವರ್ಷವಿಡೀ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಬೇಕಂತೆ. ವಿದೇಶಿ ಕಂಪನಿಯದು ದುಬಾರಿ. ಮೆಡಿಕಲ್ ಶಾಪಿನವರು ಬೆಂಗಳೂರಿನ ಕಂಪನಿಯದನ್ನು ಕಡಿಮೆ ಬೆಲೆಗೆ ತೋರಿಸಿದರು. ಇದು ಡೂಪ್ಲಿಕೇಟ್ ತರಹವೇ? ಅಮ್ಮನಿಗೆ ಕಡಿಮೆ ದರ್ಜೆಯದನ್ನು ಕೊಟ್ಟೆ ಎಂಬ ಕೊರಗು ನನಗೆ ಉಳಿಯಬಾರದು.
– ಮಗಳು, ಹೊಸಕೆರೆಹಳ್ಳಿ

ಕೊರಗು ಬೇಡ ಮಗಳೇ. ನಕಲಿ ಬೇರೆ, ಬಯೋಸಿಮಿಲರ್ ಬೇರೆ.

ಪ್ಯಾರಾಸಿಟಮಾಲ್‌ನಂಥ ಮಾತ್ರೆ ರಾಸಾಯನಿಕ. ಯಾರು ಮಾಡಿದರೂ ಅದೇ ಅಣು. ಟ್ರಾಸ್ಟುಜುಮ್ಯಾಬ್ ಹಾಗಲ್ಲ, ಜೀವಕೋಶಗಳನ್ನು ಬೆಳೆಸಿ ಅವುಗಳಿಂದ ಮಾಡಿಸಿಕೊಳ್ಳುವ ದೊಡ್ಡ ಪ್ರೊಟೀನು. ಒಂದೇ ಬೀಜದ ರಾಗಿಯೂ ಎರಡು ಹೊಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸದಿಂದ ಬರುವಂತೆ ಇದರಲ್ಲೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೇ ‘ಅದೇ’ ಎನ್ನದೆ ‘ಅದನ್ನು ಹೋಲುವುದು’, ಅಂದರೆ ಬಯೋಸಿಮಿಲರ್, ಎನ್ನುತ್ತಾರೆ. ಆ ವ್ಯತ್ಯಾಸದಿಂದ ರೋಗಿಗೆ ಏನೂ ಕಡಿಮೆಯಾಗುವುದಿಲ್ಲ ಎಂದು ಪರೀಕ್ಷೆ ಮಾಡಿ ತೋರಿಸಬೇಕು. ಮೂಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಜಗತ್ತಿನಲ್ಲೇ ಮೊದಲ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್ ನಮ್ಮ ಬೆಂಗಳೂರಿನ ಬಯೋಕಾನ್‌ನದು. 2013ರ ನವೆಂಬರಿನಲ್ಲಿ ಭಾರತದ ಒಪ್ಪಿಗೆ, 2014ರ ಆರಂಭದಲ್ಲಿ ಮಾರುಕಟ್ಟೆಗೆ. ಬಳಿಕ ಮೈಲಾನ್ ಎಂಬ ಔಷಧ ಕಂಪನಿಯ ಜೊತೆಗೂಡಿ ಹಲವು ದೇಶಗಳಲ್ಲಿ ಮಾಡಿದ ಪರೀಕ್ಷೆಯಲ್ಲಿ, 24 ವಾರಗಳ ಹೊತ್ತಿಗೆ ಗಡ್ಡೆ ಕುಗ್ಗಿದವರು ಬಯೋಸಿಮಿಲರ್ ಗುಂಪಿನಲ್ಲಿ 69.6%, ಮೂಲ ಔಷಧದ ಗುಂಪಿನಲ್ಲಿ 64%. ಸಂಖ್ಯಾಶಾಸ್ತ್ರದ ಪ್ರಕಾರ ಎರಡೂ ಸಮ. 2017ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಇದನ್ನು ಒಪ್ಪಿತು. ಈಗ ಬೇರೆ ಕಂಪನಿಗಳವೂ ಇವೆ.

ನನ್ನ ಸ್ವಂತ ಅಕ್ಕನ ಮಾತು ಹೇಳುತ್ತೇನೆ. 2008ರಲ್ಲಿ ಅವಳಿಗೂ ಇದೇ ಕಾಯಿಲೆ, ಇದೇ ಹರ್ ಟೂ. ಆಗ ಒಂದು ವಯಲಿಗೆ, ಅಂದರೆ ಇಂಜೆಕ್ಷನ್ ಸೀಸೆಗೆ, ಲಕ್ಷ ರೂಪಾಯಿಗೂ ಮೇಲೆ. ಭಾವ ಪ್ರೈಮರಿ ಶಾಲೆಯ ಮೇಷ್ಟ್ರು. ನಾಲ್ಕು ಡೋಸ್ ಆದ ಮೇಲೆ ಅಕ್ಕನೇ, ‘ಸಾಕು ಕಣೇ, ಹುಡುಗಿ ಮದುವೆಗೆ ಇಟ್ಟಿದ್ದನ್ನ ಮುಟ್ಟಬೇಡಿ’ ಅಂದಳು. ನಾನು ದಿನಾ ಯಾರ್‍ಯಾರಿಗೋ ಬೆರೆಸಿಕೊಡುತ್ತಿದ್ದ ಮದ್ದನ್ನು ಒಡಹುಟ್ಟಿದವಳಿಗೆ ಕೊಡಿಸಲು ಆಗಲಿಲ್ಲ. 2011ರಲ್ಲಿ ಹೋದಳು. ಕಡಿಮೆ ಬೆಲೆಯ ವಯಲುಗಳು ನಮ್ಮ ಫ್ರಿಜ್ಜಿಗೆ ಬಂದ ದಿನ ನಾನು ಲೆಕ್ಕದ ಪುಸ್ತಕದಲ್ಲಿ ಬ್ಯಾಚ್ ನಂಬರ್ ಬರೆಯುತ್ತ ಅತ್ತಿದ್ದೆ. ಹಾಗಾಗಿ, ಅಗ್ಗ ಎಂಬ ಒಂದೇ ಕಾರಣಕ್ಕೆ ಇದನ್ನು ಕೀಳು ಎಂದುಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬ್ರ್ಯಾಂಡ್ ಬದಲಿಸುವುದನ್ನು ಮಾತ್ರ ಡಾಕ್ಟರಿಗೆ ತಿಳಿಸಿಯೇ ಮಾಡಿ.

ಕೊಳ್ಳುವಾಗ ಗಮನಿಸಬೇಕಾದ್ದು ಕೆಲವಿದೆ. ಇದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಮದ್ದು. ಅಂಗಡಿಯಿಂದ ಆಸ್ಪತ್ರೆಗೆ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲೇ ಒಯ್ಯಿರಿ, ಆದರೆ ಫ್ರೀಜರಿಗೆ ಹಾಕಬಾರದು. ಬಿಲ್ಲಿಲ್ಲದೆ ಕೊಳ್ಳಬೇಡಿ, ಬಿಲ್ಲಿನ ಬ್ಯಾಚ್ ನಂಬರ್ ವಯಲಿನದಕ್ಕೆ ಹೊಂದುತ್ತದೆಯೇ ನೋಡಿ. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು, ದುಬಾರಿ ಕ್ಯಾನ್ಸರ್ ಮದ್ದಿನ ಖಾಲಿ ವಯಲುಗಳನ್ನು ಕೊಂಡು ನಕಲಿ ತುಂಬಿ ಮಾರುತ್ತಿದ್ದ ಜಾಲವನ್ನು ಹಿಡಿದರು. ಆದ್ದರಿಂದ ಡ್ರಿಪ್ ಮುಗಿದ ಮೇಲೆ ಖಾಲಿ ವಯಲಿನ ಲೇಬಲ್ಲನ್ನು ಪೆನ್ನಿನಿಂದ ಗೀಚಿ ಹಾಳುಮಾಡಲು ನರ್ಸಮ್ಮನವರಿಗೆ ಹೇಳಿ.

ಇನ್ನೊಂದು, ಬಹಳ ಜನ ಕಳೆದುಕೊಳ್ಳುವ ದುಡ್ಡಿನ ವಿಷಯ. ಮೂರು ವಾರಕ್ಕೊಮ್ಮೆ ಕೊಡುವಾಗ ಮೊದಲ ಡೋಸಿನ ನಂತರ ಕೆ.ಜಿ.ಗೆ 6 ಮಿಲಿಗ್ರಾಂ ಲೆಕ್ಕ. ಅಮ್ಮನ ತೂಕ 55 ಕೆ.ಜಿ. ಇದ್ದರೆ 330 ಸಾಕು. 440ರ ವಯಲಿನಲ್ಲಿ 110 ಉಳಿಯುತ್ತದೆ. ಅದರ ಜೊತೆಗೇ ಬರುವ, ಕ್ರಿಮಿ ಬೆಳೆಯದಂತೆ ತಡೆಯುವ ದ್ರಾವಣದಲ್ಲಿ ಕಲಸಿದ್ದರೆ ಫ್ರಿಜ್ಜಿನಲ್ಲಿ 28 ದಿನ ಇಡಬಹುದು. ಮುಂದಿನ ಡೋಸ್ 21ನೇ ದಿನ. ‘ಉಳಿದದ್ದನ್ನು ಅಮ್ಮನ ಹೆಸರು ಬರೆದು ಇಡುತ್ತೀರಾ?’ ಎಂದು ಆಸ್ಪತ್ರೆಯ ಫಾರ್ಮಸಿಯಲ್ಲೇ ಕೇಳಿ. ಮನೆಯ ಫ್ರಿಜ್ಜಿಗೆ ತರಬೇಡಿ. ಮೂರು ತಿಂಗಳಿಗೊಮ್ಮೆ ಹೃದಯದ ಎಕೊ ತಪ್ಪಿಸಬೇಡಿ, ಈ ಮದ್ದು ಕೆಲವರಲ್ಲಿ ಹೃದಯವನ್ನು ದುರ್ಬಲಗೊಳಿಸುತ್ತದೆ.

ಪ್ರಶ್ನೆ: ಲಕ್ಷ್ಮಣ ಫಲದ ಎಲೆಯ ಕಷಾಯ ಕೀಮೊಗಿಂತ ಎಷ್ಟೋ ಪಟ್ಟು ಬಲವಾದದ್ದಂತೆ, ನಿಜವೇ? ಗಿಡದಿಂದ ಬಂದದ್ದಾದ್ದರಿಂದ ತೊಂದರೆಯಂತೂ ಇಲ್ಲವಲ್ಲ?
– ನಿವೃತ್ತ ನೌಕರರು, ಗಾಂಧಿಬಜಾರ್

ನಿಜವಲ್ಲ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸಿದ್ದೆಲ್ಲ ಮನುಷ್ಯರಲ್ಲಿ ಮದ್ದಾಗುವುದಿಲ್ಲ. ಈ ಹಣ್ಣಿನ ಜಾತಿಯಲ್ಲಿರುವ ಅನೊನಾಸಿನ್ ಎಂಬ ಅಂಶ ನರಕೋಶಗಳಿಗೆ ವಿಷ. ಕೆರಿಬಿಯನ್ ದ್ವೀಪವಾದ ಗ್ವಾಡೆಲೂಪಿನಲ್ಲಿ ಇದನ್ನು ಹೆಚ್ಚು ಬಳಸುವವರಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆಯ ನಂಟು ಕಂಡುಬಂದಿದೆ. ಕೀಮೊ ನಡೆಯುವಾಗ ಕಷಾಯ ಬೇಡ.

ಗಿಡಗಳ ಮೇಲೆ ನನಗೆ ಅಗೌರವವಿಲ್ಲ. ಗಾಂಧಿಬಜಾರಿನ ಎಷ್ಟೋ ಮನೆಗಳ ಕಾಂಪೌಂಡಿನಲ್ಲಿ ನೇರಳೆ, ಬಿಳಿ ಬಣ್ಣದ ನಿತ್ಯಪುಷ್ಪ ಇದೆಯಲ್ಲ, ದೇವರಿಗೆ ಕೀಳುತ್ತೀರಲ್ಲ, ವಿನ್‌ಕ್ರಿಸ್ಟಿನ್ ಎಂಬ ಕೀಮೊ ಮದ್ದು ಬರುವುದು ಅದರಿಂದ. 1963ರಿಂದ ಬಳಕೆಯಲ್ಲಿರುವ ಈ ಮದ್ದು ರಕ್ತ ಕ್ಯಾನ್ಸರಿನ ಎಷ್ಟೋ ಮಕ್ಕಳನ್ನು ಉಳಿಸಿದೆ. ಕ್ವಿಂಟಾಲುಗಟ್ಟಲೆ ಒಣ ಎಲೆಯಿಂದ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ದೊಡ್ಡವರಿಗೂ ಸಾಮಾನ್ಯವಾಗಿ ಒಮ್ಮೆಗೆ 2 ಮಿಲಿಗ್ರಾಂ ಮೀರಿಸುವುದಿಲ್ಲ. ರಕ್ತನಾಳಕ್ಕೆ ಕೊಡಬೇಕಾದ ಇದು ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣವೇ ಹೋಗುತ್ತದೆ. ಅದಕ್ಕಾಗಿಯೇ ನಾವು ಸಿರಿಂಜಿನಲ್ಲಿ ಕೊಡುವುದನ್ನು ನಿಲ್ಲಿಸಿ ಸಣ್ಣ ಡ್ರಿಪ್ ಚೀಲದಲ್ಲಿ ಬೆರೆಸಿ ಕಳಿಸುತ್ತಿದ್ದೆವು. ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ಕ್ಯಾಂಪ್ಟೊಥೆಸಿನ್ ಎಂಬ ಅಂಶ ಇದೆ. ಈಚಿನ ಸ್ತನ ಕ್ಯಾನ್ಸರ್ ಮದ್ದುಗಳಲ್ಲೊಂದಾದ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್‌ನಲ್ಲಿ ಪ್ರತಿಕಾಯಕ್ಕೆ (ಕ್ಯಾನ್ಸರ್ ಕೋಶವನ್ನು ಹುಡುಕಿ ಹಿಡಿಯುವ ಪ್ರೊಟೀನಿಗೆ) ಕಟ್ಟಿ ಕಳಿಸುವ ವಿಷ ಕೂಡ ಆ ಕ್ಯಾಂಪ್ಟೊಥೆಸಿನ್ ವಂಶದ್ದೇ. ಎಲೆ ಮದ್ದಾಗುವುದು ಅದರಲ್ಲಿನ ಅಂಶವನ್ನು ಬೇರ್ಪಡಿಸಿ, ತೂಗಿ, ಎಷ್ಟು ಕೊಟ್ಟರೆ ಗುಣ, ಎಷ್ಟಕ್ಕೆ ಸಾವು ಎಂದು ಕಂಡುಕೊಂಡ ಮೇಲೆ.

ಪ್ರಶ್ನೆ: ಮಗಳಿಗೆ 13 ವರ್ಷ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸೋಣವೆಂದರೆ ಅತ್ತೆ, ‘ಮಗುಗೆ ಈಗ್ಲೇ ಯಾಕೆ, ಮದುವೆ ಆದ್ಮೇಲೆ ನೋಡಿದ್ರಾಯ್ತು’ ಅಂತಾರೆ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತೂ ಕೇಳಿದೆ. ಎಷ್ಟು ಡೋಸ್? ನನಗೆ 39, ನಾನೂ ಹಾಕಿಸಿಕೊಳ್ಳಲೇ?
– ತಾಯಿ, ಕೆಂಗೇರಿ ಉಪನಗರ

ಈಗಲೇ ಹಾಕಿಸಿ. ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ದಡಾರ ಬಂದ ಮೇಲೆ ದಡಾರದ ಚುಚ್ಚುಮದ್ದು ಹಾಕಿಸುತ್ತೇವೆಯೇ ಅತ್ತೆ? ಈ ವೈರಸ್ ದೇಹವನ್ನು ಹೊಗುವುದು ದಾಂಪತ್ಯ ಶುರುವಾದ ಮೇಲೆ. ಲಸಿಕೆ ಅದಕ್ಕೂ ಮೊದಲೇ ಕಾವಲು ನಿಂತಿರಬೇಕು. ಚಿಕ್ಕ ವಯಸ್ಸಿನಲ್ಲಿ ದೇಹ ಉತ್ತರ ಕೊಡುವುದೂ ಚೆನ್ನಾಗಿ. ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು. 2006ರಿಂದ ಜಗತ್ತಿನಾದ್ಯಂತ ಹಾಕುತ್ತಿದ್ದಾರೆ, ಅಂದು ಹಾಕಿಸಿಕೊಂಡ ಹುಡುಗಿಯರು ಇಂದು ತಾಯಂದಿರು.

ಗರ್ಭಕೊರಳಿನ ಕ್ಯಾನ್ಸರಿಗೆ ಈ ವೈರಸ್ ಕಾರಣ ಎಂದು ತೋರಿಸಿದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದರ 16 ಮತ್ತು 18ನೇ ಬಗೆಗಳೇ ಸುಮಾರು 70% ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣ. ಸ್ವೀಡನ್ನಿನಲ್ಲಿ 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ 88% ಕಡಿಮೆ ಕಂಡಿತು. ಸ್ಕಾಟ್ಲೆಂಡಿನಲ್ಲಿ 12–13ನೇ ವಯಸ್ಸಿಗೆ ಹಾಕಿಸಿಕೊಂಡ ಹುಡುಗಿಯರಲ್ಲಿ ಒಂದೇ ಒಂದು ಪ್ರಕರಣ ಕೂಡ ಇರಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಕ್ಯಾನ್ಸರ್ ಮದ್ದಿನ ನಡುವೆಯೇ ಬದುಕು ಕಳೆದ ನನಗೆ ‘ಒಂದೂ ಇಲ್ಲ’ ಎಂಬ ಮಾತು ಓದಿದಾಗ ಆದ ಸಂತೋಷವನ್ನು ಹೇಗೆ ಬರೆಯಲಿ!

ಡೋಸಿನ ವಿಷಯಕ್ಕೆ ನಮ್ಮ ದೇಶದ್ದೇ ಒಂದು ಕತೆ ಇದೆ. 2009ರಲ್ಲಿ ಭಾರತದ ಹಲವು ಕಡೆ ಎರಡು ಡೋಸ್ ಸಾಕೋ, ಮೂರು ಬೇಕೋ ಎಂಬ ಅಧ್ಯಯನ ಶುರುವಾಗಿತ್ತು. 2010ರಲ್ಲಿ, ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಯೋಜನೆಯಲ್ಲಿ ಕೆಲವು ಸಾವುಗಳಾದವು, ಆಮೇಲೆ ಅವು ಲಸಿಕೆಯಿಂದ ಆದವಲ್ಲ ಎಂದು ಗೊತ್ತಾಯಿತು. ಆದರೆ ಅಷ್ಟರಲ್ಲಿ ಸರ್ಕಾರ ಎಲ್ಲ ಕಡೆ ಲಸಿಕೆ ನಿಲ್ಲಿಸಿತ್ತು. ಸಾವಿರಾರು ಹುಡುಗಿಯರು ಒಂದೇ ಡೋಸಿಗೆ ನಿಂತುಬಿಟ್ಟರು. ಅವರನ್ನು ಬಿಡದೆ ಹತ್ತು ವರ್ಷ ಗಮನಿಸಿದಾಗ, ಒಂದೇ ಡೋಸ್ ಕೂಡ 16 ಮತ್ತು 18ನೇ ಬಗೆಯ ಸೋಂಕು ದೇಹದಲ್ಲಿ ನೆಲೆಯೂರುವುದನ್ನು 95%ರಷ್ಟು ತಡೆದಿತ್ತು. 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಆದರೂ ಸಾಕು ಎಂದು ಹೇಳುವುದರ ಹಿಂದೆ ಈ ನಮ್ಮ ಹುಡುಗಿಯರೂ ಇದ್ದಾರೆ. ಖಾಸಗಿ ವೈದ್ಯರು 14 ವರ್ಷದವರೆಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಬರೆಯುವುದುಂಟು, ಅದೂ ಸರಿಯೇ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದೆ, ಧಾರಾಳವಾಗಿ ಹಾಕಿಸಬಹುದು. ಕೊಳ್ಳುವ ಮೊದಲು ಶಾಲೆಯಲ್ಲೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಉಚಿತವಾಗಿ ಸಿಗುತ್ತದೆಯೇ ವಿಚಾರಿಸಿ. ಚುಚ್ಚಿದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂರಿಸಿ, ಈ ವಯಸ್ಸಿನ ಕೆಲವರಿಗೆ ತಲೆಸುತ್ತು ಬರುವುದುಂಟು.

ನಿಮಗೆ 39 ಆದ್ದರಿಂದ ಲಸಿಕೆಗಿಂತ ತಪಾಸಣೆ ಮುಖ್ಯ. ಪ್ಯಾಪ್ (ಗರ್ಭಕೊರಳಿನ ಕೋಶ ತೆಗೆದು ನೋಡುವುದು) ಅಥವಾ ಎಚ್‌ಪಿವಿ ಡಿಎನ್‌ಎ (ವೈರಸ್ ಇದೆಯೇ ಎಂದು ನೋಡುವುದು) ಪರೀಕ್ಷೆ ಈವರೆಗೆ ಒಮ್ಮೆಯೂ ಆಗಿಲ್ಲದಿದ್ದರೆ, ಮಗಳನ್ನು ಕರೆದೊಯ್ಯುವ ದಿನವೇ ನಿಮ್ಮದನ್ನೂ ಮಾಡಿಸಿಕೊಳ್ಳಿ. ಅತ್ತೆಯವರನ್ನೂ ಕೇಳಿ, ಅವರಿಗೆ ಯಾರೂ ಎಂದೂ ಈ ಪರೀಕ್ಷೆ ಮಾಡಿಸಿರಲಿಕ್ಕಿಲ್ಲ.

ಪ್ರಶ್ನೆ: ತಮ್ಮನಿಗೆ 24 ವರ್ಷ. ಬಿ-ಸೆಲ್ ಎಎಲ್ಎಲ್ ರಕ್ತ ಕ್ಯಾನ್ಸರ್ ಎರಡನೇ ಸಲ ಮರಳಿದೆ. ಕಾರ್-ಟಿ ಚಿಕಿತ್ಸೆ ಬೆಂಗಳೂರಿನ ಕಂಪನಿಯೇ ಮಾಡುತ್ತಿದೆ ಎಂದು ಓದಿದೆ. ಮೂವತ್ತು, ನಲವತ್ತು ಲಕ್ಷ ಅನ್ನುತ್ತಾರೆ. ಅಪ್ಪ ಯಲಹಂಕದ ಮನೆ ಮಾರಲು ಸಿದ್ಧರಿದ್ದಾರೆ.
– ಅಕ್ಕ, ಯಲಹಂಕ

ಮನೆಯ ಪತ್ರಕ್ಕೆ ಕೈ ಹಾಕುವ ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನೀವು ಓದಿದ್ದು ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ತಂದ ಕಾರ್ಟೆಮಿ ಬಗ್ಗೆ. ಅದು ಬಂದದ್ದು ದೊಡ್ಡವರ ಬಿ-ಸೆಲ್ ಲಿಂಫೋಮಕ್ಕೆ (ದುಗ್ಧಗ್ರಂಥಿಗಳ ಕ್ಯಾನ್ಸರಿಗೆ), ತಮ್ಮನ ಕಾಯಿಲೆಗಲ್ಲ. ಹೆಸರು ಎರಡಕ್ಕೂ ಕಾರ್-ಟಿ. ಆದರೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ನೆಕ್ಸ್‌ಕಾರ್19, ಅಂದರೆ ಐಐಟಿ ಬಾಂಬೆ ಮತ್ತು ಟಾಟಾ ಮೆಮೊರಿಯಲ್ ಜೊತೆಗೂಡಿ ರೂಪಿಸಿ ಇಮ್ಯುನೊಆಕ್ಟ್ ತಯಾರಿಸುತ್ತಿರುವುದು, 15 ವರ್ಷ ದಾಟಿದವರ ಬಿ-ಸೆಲ್ ಎಎಲ್ಎಲ್‌ಗೂ ಇದೆ. ಡಾಕ್ಟರ ಹತ್ತಿರ ಕೇಳಬೇಕಾದ್ದು ಇದರ ಬಗ್ಗೆ.

ಇದರಲ್ಲಿ ತಮ್ಮನ ರಕ್ತದಿಂದಲೇ ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳನ್ನು ಯಂತ್ರದ ಮೂಲಕ ಬೇರ್ಪಡಿಸಿ, ಈ ಕ್ಯಾನ್ಸರಿನ ಕೋಶಗಳ ಮೇಲೆ ಸಾಮಾನ್ಯವಾಗಿ ಕಾಣುವ ಸಿಡಿ19 ಎಂಬ ಗುರುತಿರುವ ಕೋಶಗಳನ್ನು ಹಿಡಿಯುವಂತೆ ಅವುಗಳ ಜೀನಿಗೆ ಕಲಿಸಿ, ಬೆಳೆಸಿ, ಒಂದೇ ಸಲ ಡ್ರಿಪ್‌ನಂತೆ ಮರಳಿ ಕೊಡುತ್ತಾರೆ. ನೆಕ್ಸ್‌ಕಾರ್19ರ ಪರೀಕ್ಷೆ 64 ರೋಗಿಗಳಲ್ಲಿ ನಡೆಯಿತು, ಫಲ ಅಳೆಯಲು ಸಾಧ್ಯವಾದವರಲ್ಲಿ ಸುಮಾರು 73% ಮಂದಿ ಸ್ಪಂದಿಸಿದರು. ಸ್ಪಂದಿಸುವುದೆಂದರೆ ಪೂರ್ತಿ ವಾಸಿ ಎಂದಲ್ಲ, ಕೆಲವರಲ್ಲಿ ತಿಂಗಳುಗಳಲ್ಲೇ ಮರಳಿದೆ. ಕಾರ್-ಟಿ ಕೊಟ್ಟ ಮೊದಲ ವಾರಗಳಲ್ಲಿ ಜೋರು ಜ್ವರ, ಬಿಪಿ ಕುಸಿತ, ಗೊಂದಲ ಬರಬಹುದು, ಆಸ್ಪತ್ರೆಯ ಹತ್ತಿರವೇ ಇರಬೇಕು. ಸೋಂಕಿನ ಭಯ ತಿಂಗಳುಗಟ್ಟಲೆ. ಹೀಗಾಗಿ ಡಾಕ್ಟರನ್ನು ನೇರವಾಗಿ ಕೇಳಿ: ಈಗಿನ ಅಸ್ಥಿಮಜ್ಜೆಯಲ್ಲಿ ಸಿಡಿ19 ಇದೆಯೇ? ಕಾರ್-ಟಿ ಆದ ಮೇಲೆ ಅಸ್ಥಿಮಜ್ಜೆ ಕಸಿಯೂ ಬೇಕಾಗುತ್ತದೆಯೇ, ನನ್ನ ಮಜ್ಜೆ ಹೊಂದುತ್ತದೆಯೇ? ಐಸಿಯು ಸೇರಿ ಒಟ್ಟು ಖರ್ಚು ಎಷ್ಟು? ಪತ್ರಿಕೆಯಲ್ಲಿ ಬರುವ ಬೆಲೆ ಬರೀ ಕೋಶದ್ದು. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಕಾಣಿ. ಪ್ರಧಾನಿ, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಲು ಅವರು ಬರೆದುಕೊಡುವ ಅಂದಾಜು ಪಟ್ಟಿ ಬೇಕು. ಈ ಉತ್ತರಗಳು ಕೈಗೆ ಬಂದ ಮೇಲೆ ಅಪ್ಪ, ನೀವು, ತಮ್ಮ ಮೂವರೂ ಕೂತು ಮಾತಾಡಿ. ಅವನಿಗೆ 24, ಅವನ ಮಾತೂ ಬೇಕು.

ಪ್ರಶ್ನೆ: ಯಜಮಾನರಿಗೆ ಬಾಯಿ ಕ್ಯಾನ್ಸರ್, ಮರಳಿ ಬಂದಿದೆ. ಆಸ್ಪತ್ರೆಯಲ್ಲಿ ಒಂದು ‘ಟ್ರಯಲ್’ಗೆ ಸೇರಿಸಲೇ ಎಂದು ಕೇಳಿದ್ದಾರೆ. ಬಡವರನ್ನು ಪ್ರಯೋಗಕ್ಕೆ ಬಳಸಿಕೊಳ್ಳುತ್ತಾರೆ, ಸಹಿ ಹಾಕಬೇಡ ಎನ್ನುತ್ತಾನೆ ನಮ್ಮಣ್ಣ.
– ಗೃಹಿಣಿ, ಕಾಮಾಕ್ಷಿಪಾಳ್ಯ

ನಿಮ್ಮಣ್ಣನ ಭಯ ಅಕಾರಣವಲ್ಲ. ಹಿಂದೆ ಅನ್ಯಾಯಗಳಾಗಿವೆ, ಅದರಿಂದಲೇ ನಿಯಮ ಬಿಗಿಯಾದವು. ಆದರೂ ನಿಮ್ಮ ಯಜಮಾನರ ಕಾಯಿಲೆಯದೇ ಒಂದು ಟ್ರಯಲ್ ಬಗ್ಗೆ ಹೇಳುತ್ತೇನೆ. ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿಯ ವಾಡಿಕೆಯ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಅಷ್ಟು ದುಡ್ಡು ನಮ್ಮಲ್ಲಿ ಎಷ್ಟು ಜನರ ಬಳಿ ಇದೆ? ಮುಂಬೈನ ಟಾಟಾ ಮೆಮೊರಿಯಲ್ ವೈದ್ಯರು ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳಲ್ಲಿ, ದಿನಾ ನುಂಗುವ ಅಗ್ಗದ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಬರೀ ಮಾತ್ರೆ ಪಡೆದವರಲ್ಲಿ ಒಂದು ವರ್ಷ ದಾಟಿ ಬದುಕಿದವರು 16.3%, ಈ ಪುಟ್ಟ ಡೋಸನ್ನೂ ಪಡೆದವರಲ್ಲಿ 43.4%. 2022ರಲ್ಲಿ ಇದು ಪ್ರಕಟವಾದ ಮೇಲೆ ದೇಶದ ಎಷ್ಟೋ ಊರುಗಳ ಡಾಕ್ಟರುಗಳು ಹೀಗೆ ಕೊಡತೊಡಗಿದರು. ಆ 151 ಜನ ಸಹಿ ಹಾಕದೆ ಹೋಗಿದ್ದರೆ ನಮ್ಮ ಬಡ ರೋಗಿಗಳಿಗೆ ಈ ದಾರಿಯೇ ತೆರೆಯುತ್ತಿರಲಿಲ್ಲ.

ಸಹಿಗೆ ಮೊದಲು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ, ಮನೆಗೆ ತಂದು ಅಣ್ಣನ ಹತ್ತಿರ ಓದಿಸಿ. ಅದರಲ್ಲಿ ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಇದೆಯೇ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇದೆಯೇ, ಮದ್ದು ಮತ್ತು ಸ್ಕ್ಯಾನಿನ ಖರ್ಚು ಯಾರದು, ಎರಡು ಗುಂಪಿದ್ದರೆ ಇನ್ನೊಂದು ಗುಂಪಿಗೆ ಏನು ಕೊಡುತ್ತಾರೆ ಎಂದು ನೋಡಿ. 2019ರ ನಿಯಮದಂತೆ ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಲೇಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಹಾಗೆ ಬಂದವರಿಗೆ ಮಾಮೂಲು ಚಿಕಿತ್ಸೆ ನಿರಾಕರಿಸುವಂತಿಲ್ಲ. ಅವಸರ ಮಾಡಿ ‘ಈಗಲೇ ಸಹಿ ಹಾಕಿ’ ಎಂದರೆ ಹಾಕಬೇಡಿ. ಯಜಮಾನರು ಹೊಗೆಸೊಪ್ಪು, ಗುಟ್ಕಾ ಇನ್ನೂ ಬಿಟ್ಟಿಲ್ಲದಿದ್ದರೆ ಇವತ್ತೇ ಬಿಡಿಸಿ.

ಪ್ರಶ್ನೆ: ಅಣ್ಣನಿಗೆ ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್. 11 ವರ್ಷದಿಂದ ದಿನಾ ಇಮ್ಯಾಟಿನಿಬ್ ಮಾತ್ರೆ. ಅಂಗಡಿ ನೋಡಿಕೊಂಡು ಚೆನ್ನಾಗಿದ್ದಾನೆ. ಇನ್ನು ನಿಲ್ಲಿಸಬಹುದೇ?
– ತಮ್ಮ, ಚಿಕ್ಕಪೇಟೆ

ಅಣ್ಣ ಹನ್ನೊಂದು ವರ್ಷದಿಂದ ಅಂಗಡಿ ನೋಡಿಕೊಳ್ಳುತ್ತಿದ್ದಾರೆ ಎಂಬ ನಿಮ್ಮ ಸಾಲನ್ನು ಎರಡು ಸಲ ಓದಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಿಎಂಎಲ್ ಎಂದು ಬರೆದ ಚೀಟಿ ಬಂದರೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಇಮ್ಯಾಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ಮೂಲ ಬ್ರ್ಯಾಂಡ್ ತಿಂಗಳಿಗೆ ಲಕ್ಷಕ್ಕೂ ಮೇಲಿದ್ದಾಗ ನಮ್ಮ ದೇಶದ ಜನರಿಕ್, ಅಂದರೆ ಬೇರೆ ಕಂಪನಿಗಳು ಅದೇ ಅಣುವಿನಿಂದ ಮಾಡಿದ ಮಾತ್ರೆ, ಸುಮಾರು 8,000 ರೂಪಾಯಿ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಮೂಲ ಕಂಪನಿಯಾದ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಆ ಜನರಿಕ್ ಉಳಿಯಿತು. ಅಣ್ಣ ನುಂಗುತ್ತಿರುವುದು ಬಹುಶಃ ಅದನ್ನೇ.

ನೀವಾಗಿ ನಿಲ್ಲಿಸಬೇಡಿ. ರಕ್ತದಲ್ಲಿ ಈ ಕಾಯಿಲೆಯ ಜೀನ್ ಗುರುತು ಎಷ್ಟಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆಯಲ್ಲಿ ಹಲವು ವರ್ಷ ಸತತವಾಗಿ ಕಾಯಿಲೆ ಅತಿ ಕೆಳಮಟ್ಟದಲ್ಲಿದ್ದವರಲ್ಲಿ ಕೆಲವರಿಗೆ ವೈದ್ಯರೇ ನಿಲ್ಲಿಸಿ ನೋಡುವುದುಂಟು. ಅಂಥವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರೆಯಿಲ್ಲದೆ ಮುಂದುವರಿಯುತ್ತಾರೆ. ಉಳಿದವರಲ್ಲಿ ಸಾಮಾನ್ಯವಾಗಿ ಮೊದಲ ಆರು ತಿಂಗಳಲ್ಲೇ ಮರಳುತ್ತದೆ, ಮಾತ್ರೆ ಮತ್ತೆ ಶುರುಮಾಡಿದರೆ ಬಹುತೇಕರಲ್ಲಿ ಹತೋಟಿಗೂ ಬರುತ್ತದೆ. ಆದರೆ ಆ ಮೊದಲ ತಿಂಗಳುಗಳಲ್ಲಿ ಪದೇ ಪದೇ ಪಿಸಿಆರ್ ಮಾಡಿಸಬೇಕು. ಹಳೆಯ ಪಿಸಿಆರ್ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಡಾಕ್ಟರಿಗೆ ತೋರಿಸಿ. ಕೊನೆಯ ಪಿಸಿಆರ್ ಆಗಿ ವರ್ಷ ದಾಟಿದ್ದರೆ ಈ ವಾರವೇ ರಕ್ತ ಕೊಡಿಸಿ. ಅದು ಬರುವವರೆಗೆ ಮಾತ್ರೆ ಒಂದು ದಿನವೂ ತಪ್ಪದಿರಲಿ. ಊಟದ ಜೊತೆ, ತುಂಬು ಲೋಟ ನೀರಿನಲ್ಲಿ. ರಿಪೋರ್ಟ್ ಬಂದಾಗ ನನಗೂ ಒಂದು ಸಾಲು ಬರೆಯಿರಿ.